ಡಿಸ್ಟ್ರೋಗ್ಲೈಕನ್ ಜೀನ್ ಸರಿಯಿದೆ, ಆದರೂ ಸ್ನಾಯುವಿನಲ್ಲಿ ಅದು ಕಾಣುತ್ತಿಲ್ಲ ಅಂತಾರೆ. ಇದು ಹೇಗೆ ಸಾಧ್ಯ?

ಓದುಗಿತ್ತಿ_ಮಾ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಯ ಮಗನಿಗೆ ಮೆಟ್ಟಿಲು ಹತ್ತುವುದು, ನೆಲದಿಂದ ಏಳುವುದು ಕಷ್ಟವಾಗುತ್ತಿದೆ. ರಕ್ತದಲ್ಲಿ ಸಿಕೆ (ಕ್ರಿಯಾಟಿನ್ ಕೈನೇಸ್ ಎಂಬ ಸ್ನಾಯುವಿನ ಕಿಣ್ವ) ತುಂಬಾ ಹೆಚ್ಚಿತ್ತು. ಸ್ನಾಯುವಿನ ಬಯಾಪ್ಸಿ ವರದಿಯಲ್ಲಿ "ಆಲ್ಫಾ ಡಿಸ್ಟ್ರೋಗ್ಲೈಕನ್ ಬಹಳ ಕಡಿಮೆ, ಬೀಟಾ ಡಿಸ್ಟ್ರೋಗ್ಲೈಕನ್ ಸಹಜ" ಎಂದಿದೆ. ಆಮೇಲೆ ಜೀನ್ ಪರೀಕ್ಷೆ ಮಾಡಿಸಿದರು. ಅದರಲ್ಲಿ ಡಿಸ್ಟ್ರೋಗ್ಲೈಕನ್ ಜೀನ್ ಪೂರ್ತಿ ಸರಿಯಾಗಿದೆ, ತೊಂದರೆ ಇರುವುದು ಎಫ್‌ಕೆಆರ್‌ಪಿ ಅನ್ನುವ ಬೇರೆಯದೇ ಜೀನ್‌ನ ಎರಡೂ ಪ್ರತಿಗಳಲ್ಲಿ ಅಂತ ಬಂತು.

ನಾನು ಓದಿದ್ದು ವಾಣಿಜ್ಯ. ಒಂದು ಪ್ರೋಟೀನಿನ ಜೀನ್ ಸರಿಯಿದ್ದ ಮೇಲೆ ಆ ಪ್ರೋಟೀನ್ ಕಾಣೆಯಾಗುವುದು ಹೇಗೆ? ವೈದ್ಯರು "ಸಕ್ಕರೆ ಸೇರಿಸುವ ಕಿಣ್ವದ ತೊಂದರೆ" ಎಂದರು. ಮನೆಯವರೆಲ್ಲ ಅದನ್ನು ಮಧುಮೇಹ ಅಂದುಕೊಂಡು ಮಗುವಿಗೆ ಸಿಹಿ ನಿಲ್ಲಿಸಿದ್ದಾರೆ. ಯಾರಾದರೂ ಬಿಡಿಸಿ ಹೇಳುತ್ತೀರಾ?

ಗ್ಲೈಕೋ_ಸಂಗಾತಿ

ಮೊದಲು ಮನೆಯವರಿಗೆ ಹೇಳಿ: ಇದಕ್ಕೂ ಮಧುಮೇಹಕ್ಕೂ ಸಂಬಂಧವಿಲ್ಲ. ಸಿಹಿ ತಿಂದದ್ದರಿಂದ ಬಂದದ್ದಲ್ಲ, ಬಿಟ್ಟರೆ ಹೋಗುವುದೂ ಅಲ್ಲ. ಇಲ್ಲಿ ಸಕ್ಕರೆ ಎಂದರೆ ಪ್ರೋಟೀನಿಗೆ ಜೋಡಿಸಿದ ಸಕ್ಕರೆ ಅಣುಗಳ ಸರಪಳಿ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಪ್ರೋಟೀನ್ ಕಾಣೆಯಾಗಿಲ್ಲ. ಬಯಾಪ್ಸಿಯಲ್ಲಿ ಸಾಮಾನ್ಯವಾಗಿ ಬಳಸುವ ಪ್ರತಿಕಾಯಗಳು (ಐಐಎಚ್6, ವಿಐಎ4-1) ಗುರುತಿಸುವುದು ಆಲ್ಫಾ ಡಿಸ್ಟ್ರೋಗ್ಲೈಕನ್‌ನ ಪ್ರೋಟೀನ್ ಭಾಗವನ್ನಲ್ಲ, ಅದರ ಮೇಲಿರುವ ಒಂದು ನಿರ್ದಿಷ್ಟ ಸಕ್ಕರೆ ಸರಪಳಿಯನ್ನು. ಸರಪಳಿ ಇಲ್ಲದಿದ್ದರೆ ಪ್ರತಿಕಾಯ ಅಂಟುವುದಿಲ್ಲ, ಸೂಕ್ಷ್ಮದರ್ಶಕದಲ್ಲಿ ಬಣ್ಣ ಬರುವುದಿಲ್ಲ, ವರದಿಯಲ್ಲಿ "ಕಡಿಮೆ" ಎಂದು ದಾಖಲಾಗುತ್ತದೆ. ಬೀಟಾ ಭಾಗಕ್ಕೆ ಆ ಸರಪಳಿ ಇಲ್ಲ. ಅದಕ್ಕೇ ಅದು ಸಹಜವಾಗಿ ಕಂಡಿದೆ.

ಇನ್ನು ಈ ಸರಪಳಿ ಅಷ್ಟು ಮುಖ್ಯ ಯಾಕೆ ಎನ್ನುವುದು. ಡಿಸ್ಟ್ರೋಗ್ಲೈಕನ್ ಮೊದಲು ಒಂದೇ ಉದ್ದನೆಯ ಪ್ರೋಟೀನ್ ಆಗಿ ತಯಾರಾಗುತ್ತದೆ, ಒಟ್ಟು 895 ಅಮೈನೋ ಆಮ್ಲಗಳು. ನಂತರ ಎರಡು ತುಂಡಾಗುತ್ತದೆ. ಬೀಟಾ ಕೋಶಪೊರೆಯನ್ನು ತೂರಿ ನಿಲ್ಲುತ್ತದೆ, ಒಳಗಡೆ ಡಿಸ್ಟ್ರೋಫಿನ್‌ಗೆ ಕಟ್ಟಿಕೊಳ್ಳುತ್ತದೆ. (ಡುಶೇನ್ ಸ್ನಾಯುಕ್ಷಯದಲ್ಲಿ ಇಲ್ಲವಾಗುವುದು ಈ ಡಿಸ್ಟ್ರೋಫಿನ್.) ಆಲ್ಫಾ ಪೂರ್ತಿ ಹೊರಗಿದ್ದು, ಬೀಟಾಗೆ ತಗುಲಿಕೊಂಡಿರುತ್ತದೆ. ಸ್ನಾಯುಕೋಶದ ಸುತ್ತ ತಳಪೊರೆ ಎಂಬ ಗಟ್ಟಿ ಜಾಲವಿದೆ, ಅದರ ಮುಖ್ಯ ಪ್ರೋಟೀನ್ ಲ್ಯಾಮಿನಿನ್. ಆಲ್ಫಾ ಡಿಸ್ಟ್ರೋಗ್ಲೈಕನ್ ಹಿಡಿಯುವುದು ಆ ಲ್ಯಾಮಿನಿನ್ನನ್ನು, ಹಿಡಿಯುವ ಭಾಗ ಸಕ್ಕರೆ ಸರಪಳಿಯೇ. ನಾನು ಇದನ್ನು ಒತ್ತಿ ಹೇಳುವುದು ಯಾಕೆಂದರೆ ಪಠ್ಯಪುಸ್ತಕಗಳು ಇಂಥ ಸರಪಳಿಗಳನ್ನು ಪ್ರೋಟೀನಿನ ಅಲಂಕಾರ ಎಂಬಂತೆ ಒಂದು ಸಾಲಿನಲ್ಲಿ ಮುಗಿಸುತ್ತವೆ. ಇಲ್ಲಿ ಕೆಲಸ ಮಾಡುವುದೇ ಅದು.

ಸ್ನಾಯು ಸಂಕುಚಿಸಿದಾಗಲೆಲ್ಲ ಕೋಶಪೊರೆಯ ಮೇಲೆ ಎಳೆತ ಬೀಳುತ್ತದೆ. ಹೊರಗಿನ ಜಾಲಕ್ಕೆ ಬಿಗಿಯಾಗಿ ಕಟ್ಟಿಕೊಂಡ ಪೊರೆ ಅದನ್ನು ತಾಳುತ್ತದೆ. ಕಟ್ಟು ಸಡಿಲವಾದರೆ ಪೊರೆ ಅಲ್ಲಲ್ಲಿ ಹರಿಯುತ್ತದೆ, ಕೋಶದೊಳಗಿನ ಕ್ರಿಯಾಟಿನ್ ಕೈನೇಸ್ ರಕ್ತಕ್ಕೆ ಸೋರುತ್ತದೆ. ನೀವು ಹೇಳಿದ ಸಿಕೆ ಹೆಚ್ಚಳ ಅದೇ.

ಎಂಎಸ್ಸಿ_ಬಯೋಕೆಮ್

ಸಂಗಾತಿಯವರೇ, ಕ್ಲಾಸಿನಲ್ಲಿ ಎನ್-ಗ್ಲೈಕೊಸೈಲೇಶನ್ (ಪ್ರೋಟೀನಿನ ಆಸ್ಪರಜಿನ್ ಎಂಬ ಅಮೈನೋ ಆಮ್ಲಕ್ಕೆ ಸಕ್ಕರೆ ಸರಪಳಿ ಜೋಡಿಸುವುದು) ಮಾತ್ರ ಹೇಳಿಕೊಟ್ಟರು. ಈ ಸರಪಳಿಯನ್ನು ಯಾವ ಕಿಣ್ವ ಎಲ್ಲಿ ಸೇರಿಸುತ್ತದೆ ಅಂತ ಕ್ರಮವಾಗಿ ಹೇಳಿ. ಎಫ್‌ಕೆಆರ್‌ಪಿ ಎಲ್ಲಿ ಬರುತ್ತದೆ?

ಗ್ಲೈಕೋ_ಸಂಗಾತಿ

ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಶುರುವಾಗುವುದು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂನಲ್ಲಿ, ಅಂದರೆ ಕೋಶದೊಳಗೆ ಇಂಥ ಪ್ರೋಟೀನ್‌ಗಳು ತಯಾರಾಗುವ ಪೊರೆಜಾಲದಲ್ಲಿ. ಪಿಒಎಂಟಿ1 ಮತ್ತು ಪಿಒಎಂಟಿ2 ಎಂಬ ಕಿಣ್ವಗಳು ಜೊತೆಯಾಗಿ ಪ್ರೋಟೀನಿನ ಸೆರಿನ್ ಅಥವಾ ಥ್ರಿಯೋನಿನ್ ಎಂಬ ಅಮೈನೋ ಆಮ್ಲದ ಮೇಲೆ ಮ್ಯಾನೋಸ್ ಎಂಬ ಒಂದು ಸಕ್ಕರೆ ಇಡುತ್ತವೆ. ಒಂದಿಲ್ಲದೆ ಇನ್ನೊಂದು ಕೆಲಸ ಮಾಡುವುದಿಲ್ಲ. ಅದರ ಮೇಲೆ ಪಿಒಎಂಜಿಎನ್‌ಟಿ2 ಒಂದು ಎನ್-ಅಸಿಟೈಲ್‌ಗ್ಲುಕೊಸಮಿನ್, ಅದರ ಮೇಲೆ ಬಿ3ಗ್ಯಾಲ್‌ಎನ್‌ಟಿ2 ಒಂದು ಎನ್-ಅಸಿಟೈಲ್‌ಗ್ಯಾಲಕ್ಟೊಸಮಿನ್ ಸೇರಿಸುತ್ತವೆ. ಈ ಮೂರು ಸಕ್ಕರೆ ಸಿದ್ಧವಾದ ಮೇಲಷ್ಟೇ ಪಿಒಎಂಕೆ ಬಂದು ಬುಡದ ಮ್ಯಾನೋಸ್‌ನ ಆರನೆಯ ಇಂಗಾಲದ ಮೇಲೆ ಫಾಸ್ಫೇಟ್ ಹಾಕುತ್ತದೆ. ಪ್ರೋಟೀನಿಗಲ್ಲ, ಸಕ್ಕರೆಗೆ ಫಾಸ್ಫೇಟ್ ಹಾಕುವ ಕೈನೇಸ್ ಇದು. 2013ರಲ್ಲಿ ಗೊತ್ತಾಯಿತು.

ಮುಂದಿನದು ಗಾಲ್ಜಿಯಲ್ಲಿ, ಅಂದರೆ ಪ್ರೋಟೀನ್‌ಗಳನ್ನು ತಿದ್ದಿ ಹೊರಗೆ ಕಳಿಸುವ ಕೋಶಭಾಗದಲ್ಲಿ. ಫುಕುಟಿನ್ ಎಂಬ ಕಿಣ್ವ ಒಂದು ರಿಬಿಟಾಲ್ ಫಾಸ್ಫೇಟ್ ಸೇರಿಸುತ್ತದೆ (ರಿಬಿಟಾಲ್ ಎಂದರೆ ಸಕ್ಕರೆಯಿಂದ ಬಂದ ಒಂದು ಆಲ್ಕೊಹಾಲ್), ಅದರ ಮೇಲೆ ಎರಡನೆಯ ರಿಬಿಟಾಲ್ ಫಾಸ್ಫೇಟನ್ನು ಸೇರಿಸುವುದು ನಮ್ಮ ಎಫ್‌ಕೆಆರ್‌ಪಿ. ನಂತರ ಆರ್‌ಎಕ್ಸ್‌ವೈಎಲ್‌ಟಿ1 ಒಂದು ಝೈಲೋಸ್, ಬಿ4ಜಿಎಟಿ1 ಒಂದು ಗ್ಲುಕುರಾನಿಕ್ ಆಮ್ಲ. ಇಲ್ಲಿಯವರೆಗೆ ಆದದ್ದೆಲ್ಲ ಬರೀ ಅಡಿಪಾಯ. ಇದರ ಮೇಲೆ ಲಾರ್ಜ್1 ಎಂಬ ಕಿಣ್ವ ಝೈಲೋಸ್, ಗ್ಲುಕುರಾನಿಕ್ ಆಮ್ಲ, ಮತ್ತೆ ಝೈಲೋಸ್, ಮತ್ತೆ ಗ್ಲುಕುರಾನಿಕ್ ಆಮ್ಲ ಹೀಗೆ ಸೇರಿಸುತ್ತಾ ಹೋಗುತ್ತದೆ. ಒಂದೇ ಪ್ರೋಟೀನಿನಲ್ಲಿ ಎರಡು ಕ್ರಿಯಾಕೇಂದ್ರಗಳಿವೆ, ಒಂದೊಂದು ಸಕ್ಕರೆಗೆ ಒಂದೊಂದು. 2012ರಲ್ಲಿ ಇದನ್ನು ತೋರಿಸಿದರು. ಲಾರ್ಜ್ ಕಟ್ಟುವ ಈ ಭಾಗಕ್ಕೆ ಮ್ಯಾಟ್ರಿಗ್ಲೈಕನ್ ಎಂದು ಹೆಸರು. ಲ್ಯಾಮಿನಿನ್, ಆಗ್ರಿನ್, ಪರ್ಲೆಕನ್, ನರಕೋಶಗಳಲ್ಲಿ ನ್ಯೂರೆಕ್ಸಿನ್, ಕಣ್ಣಿನಲ್ಲಿ ಪಿಕಚುರಿನ್ ಇವೆಲ್ಲ ಬಂದು ಕೂರುವುದು ಮ್ಯಾಟ್ರಿಗ್ಲೈಕನ್ ಮೇಲೆ.

ಹೆಣಿಗೆಯಲ್ಲಿ ಕೆಳಗಿನ ಸಾಲಿನ ಒಂದು ಕುಣಿಕೆ ಬಿಟ್ಟುಹೋದರೆ ಮೇಲಿನದಕ್ಕೆ ಕಡ್ಡಿ ತೂರಿಸಲು ಜಾಗವಿರುವುದಿಲ್ಲವಲ್ಲ, ಹಾಗೆ. ಎಫ್‌ಕೆಆರ್‌ಪಿ ಸೋತರೆ ಎರಡನೆಯ ರಿಬಿಟಾಲ್ ಬರುವುದಿಲ್ಲ, ಮುಂದಿನ ಮೂರು ಕಿಣ್ವಗಳು ಆರೋಗ್ಯವಾಗಿದ್ದೂ ಅವಕ್ಕೆ ಕೆಲಸವಿಲ್ಲ. ಆದ್ದರಿಂದಲೇ ಹದಿನೈದಕ್ಕೂ ಹೆಚ್ಚು ಬೇರೆ ಬೇರೆ ಜೀನ್‌ಗಳ ತೊಂದರೆ ಕೊನೆಗೆ ಒಂದೇ ಬಗೆಯ ಕಾಯಿಲೆಯಾಗಿ ಕಾಣಿಸುತ್ತದೆ.

ಸಂದೇಹಿ_88

ವಿವರ ಚೆನ್ನಾಗಿದೆ, ಆದರೆ ಒಂದು ಪ್ರಶ್ನೆ ಉಳಿಯಿತು. ಗ್ಲುಕುರಾನಿಕ್ ಆಮ್ಲಕ್ಕೆ ಋಣ ವಿದ್ಯುದಾವೇಶ ಇದೆ. ಅಂಥ ಉದ್ದನೆಯ ಆಮ್ಲೀಯ ಸರಪಳಿಗೆ ಏನು ಬೇಕಾದರೂ ಅಂಟಬಹುದು. ಲ್ಯಾಮಿನಿನ್ ನಿಜವಾಗಿ ಈ ಸಕ್ಕರೆಯನ್ನೇ ಗುರುತಿಸುತ್ತದೆ, ಪ್ರೋಟೀನನ್ನಲ್ಲ ಎನ್ನುವುದಕ್ಕೆ ಪುರಾವೆ ಏನು? ಅಷ್ಟಕ್ಕೂ ಸ್ನಾಯುವಿನಲ್ಲಿ ಇಂಟಿಗ್ರಿನ್ ಎಂಬ ಇನ್ನೊಂದು ಕೋಶಪೊರೆಯ ಪ್ರೋಟೀನ್ ಇದೆ, ಅದೂ ಲ್ಯಾಮಿನಿನ್ ಹಿಡಿಯುತ್ತದೆ.

ಗ್ಲೈಕೋ_ಸಂಗಾತಿ

ಕೇಳಬೇಕಾದ ಪ್ರಶ್ನೆಯೇ. ಪುರಾವೆ ಹಂತಹಂತವಾಗಿ ಕೂಡಿಬಂದಿದೆ.

1992ರಲ್ಲಿ ಡಿಸ್ಟ್ರೋಗ್ಲೈಕನ್ ಜೀನ್ ಸಿಕ್ಕಾಗಲೇ ಒಂದು ಒಗಟು ಎದುರಾಯಿತು. ಅಮೈನೋ ಆಮ್ಲಗಳ ಲೆಕ್ಕದಲ್ಲಿ ಆಲ್ಫಾ ಸುಮಾರು 70 ಕಿಲೋಡಾಲ್ಟನ್ (ಅಣುತೂಕದ ಅಳತೆ) ಇರಬೇಕು. ಸ್ನಾಯುವಿನಿಂದ ತೆಗೆದು ಜೆಲ್‌ನಲ್ಲಿ ಓಡಿಸಿದರೆ 156, ಮಿದುಳಿನಿಂದ ತೆಗೆದರೆ 120. ಎನ್-ಸರಪಳಿಗಳನ್ನೂ ಸಿಯಾಲಿಕ್ ಆಮ್ಲವನ್ನೂ ಕಿಣ್ವದಿಂದ ಕತ್ತರಿಸಿದರೆ ಲ್ಯಾಮಿನಿನ್ ಹಿಡಿತಕ್ಕೆ ಏನೂ ಆಗಲಿಲ್ಲ. ರಾಸಾಯನಿಕವಾಗಿ ಎಲ್ಲ ಸಕ್ಕರೆಯನ್ನೂ ತೆಗೆದಾಗ ಹಿಡಿತ ಪೂರ್ತಿ ಹೋಯಿತು. 2010ರಲ್ಲಿ ತಣ್ಣನೆಯ ಹೈಡ್ರೋಫ್ಲೋರಿಕ್ ಆಮ್ಲ ಬಳಸಿದರು. ಅದು ಫಾಸ್ಫೇಟ್ ಸೇತುವೆಗಳನ್ನು ಮಾತ್ರ ಕಡಿಯುತ್ತದೆ. ಆಗಲೂ ಹಿಡಿತ ಹೋಯಿತು, ತೂಕ ಸುಮಾರು 70ಕ್ಕೆ ಇಳಿಯಿತು. ಅಲ್ಲಿಗೆ, ಹಿಡಿಯುವ ಭಾಗ ಒಂದು ಫಾಸ್ಫೇಟಿನ ಆಚೆ ನೇತಾಡುತ್ತಿದೆ ಎಂದು ಖಚಿತವಾಯಿತು.

ಆವೇಶದ ಬಗ್ಗೆ. 2016ರ ಸ್ಫಟಿಕ ರಚನೆ ನೋಡಿದರೆ, ಲ್ಯಾಮಿನಿನ್ ಆಲ್ಫಾ2ರ ಎಲ್‌ಜಿ4 ಎಂಬ ತುಂಡಿನಲ್ಲಿ ಒಂದು ಕ್ಯಾಲ್ಸಿಯಂ ಅಯಾನು ಕೂತಿದೆ. ಒಂದು ಗ್ಲುಕುರಾನಿಕ್ ಆಮ್ಲ ಮತ್ತು ಪಕ್ಕದ ಝೈಲೋಸ್, ಈ ಜೋಡಿ ನಿಖರವಾಗಿ ಆ ಕ್ಯಾಲ್ಸಿಯಂ ಮೇಲೆ ಹೊಂದಿಕೊಳ್ಳುತ್ತದೆ. ಕ್ಯಾಲ್ಸಿಯಂ ಕಿತ್ತುಕೊಳ್ಳುವ ಇಡಿಟಿಎ ಹಾಕಿದರೆ ಹಿಡಿತ ಬಿಡುತ್ತದೆ. ಬರೀ ಆವೇಶದ ಆಕರ್ಷಣೆಯಾಗಿದ್ದರೆ ಈ ಅಚ್ಚುಕಟ್ಟು ಬೇಕಿರಲಿಲ್ಲ.

ಇಂಟಿಗ್ರಿನ್ ಇರುವುದು ನಿಜ, ಅದು ಲ್ಯಾಮಿನಿನ್‌ನ ಬೇರೆ ಜಾಗವನ್ನು ಹಿಡಿಯುತ್ತದೆ. ಆದರೆ ಲಾರ್ಜ್ ಜೀನ್ ಕೆಟ್ಟ ಇಲಿಗಳಲ್ಲಿ (ಮಯೋಡಿಸ್ಟ್ರೋಫಿ ಇಲಿಗಳು, ದೋಷ ಯಾವುದೆಂದು 2001ರಲ್ಲಿ ಗೊತ್ತಾಯಿತು) ಇಂಟಿಗ್ರಿನ್ ಇದ್ದೂ ಸ್ನಾಯುಪೊರೆ ಹರಿಯುತ್ತದೆ. ಒಂದರ ಕೆಲಸವನ್ನು ಇನ್ನೊಂದು ತುಂಬಿಕೊಡುತ್ತಿಲ್ಲ.

ಎಂಎಸ್ಸಿ_ಬಯೋಕೆಮ್

ಪ್ರೋಟೀನಿಗೆ ಆರ್‌ಎನ್‌ಎ ಅಚ್ಚು ಇದೆ, ಸಕ್ಕರೆಗೆ ಅಚ್ಚಿಲ್ಲ. ಹಾಗಾದರೆ ಲಾರ್ಜ್‌ಗೆ ಎಲ್ಲಿ ಶುರುಮಾಡಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಹೇಗೆ ಗೊತ್ತಾಗುತ್ತದೆ?

ಗಾಲ್ಜಿ_ಗೆಳೆಯ

ಇದಕ್ಕೆ ನಾನು ಉತ್ತರಿಸುತ್ತೇನೆ, ನನಗೆ ಬಹಳ ಇಷ್ಟದ ಭಾಗ.

ಎಲ್ಲಿ ಶುರು ಎನ್ನುವುದಕ್ಕೆ ಆಲ್ಫಾ ಡಿಸ್ಟ್ರೋಗ್ಲೈಕನ್‌ನ ಆರಂಭದ ತುದಿಯ ತುಂಡು ಮುಖ್ಯ. ಲಾರ್ಜ್ ಅದನ್ನು ಗುರುತಿಸುತ್ತದೆ ಎಂದು 2004ರಲ್ಲಿ ತೋರಿಸಿದರು. ಸರಪಳಿ ಬೆಳೆಯುವುದು ಅದರ ಪಕ್ಕದ ಭಾಗದ ಮೇಲೆ, ಥ್ರಿಯೋನಿನ್ 317 ಮತ್ತು 319ರ ಹತ್ತಿರ. ಆಮೇಲೆ ಫ್ಯೂರಿನ್ ಎಂಬ ಕಿಣ್ವ ಆ ತುದಿಯ ತುಂಡನ್ನು ಕತ್ತರಿಸಿ ತೆಗೆಯುತ್ತದೆ. ಕೆಲಸಕ್ಕೆ ಬೇಕಿತ್ತು, ಮುಗಿದ ಮೇಲೆ ಪ್ರೋಟೀನಿನಲ್ಲಿ ಅದು ಉಳಿಯುವುದಿಲ್ಲ. 2011ರಲ್ಲಿ ವರದಿಯಾದ ಒಬ್ಬ ರೋಗಿಯಲ್ಲಿ ಡಿಸ್ಟ್ರೋಗ್ಲೈಕನ್ ಜೀನೇ ಕೆಟ್ಟಿತ್ತು: 192ನೆಯ ಥ್ರಿಯೋನಿನ್ ಜಾಗದಲ್ಲಿ ಮೆಥಿಯೊನಿನ್. ಅದು ಇರುವುದು ಇದೇ ತುದಿಯ ತುಂಡಿನಲ್ಲಿ. ಪರಿಣಾಮ ಮತ್ತದೇ, ಲಾರ್ಜ್ ಸರಿಯಾಗಿ ಕೆಲಸ ಮಾಡಲಾಗದೆ ಸಕ್ಕರೆ ಕಡಿಮೆಯಾಯಿತು.

ಉದ್ದದ ವಿಷಯ ಇನ್ನೂ ಸ್ವಾರಸ್ಯಕರ. ಉದ್ದ ಎಲ್ಲ ಅಂಗಾಂಗಗಳಲ್ಲೂ ಒಂದೇ ಇಲ್ಲ, ಮಿದುಳಿಗೂ ಸ್ನಾಯುವಿಗೂ ಮೇಲೆ ಹೇಳಿದ ತೂಕದ ವ್ಯತ್ಯಾಸ ನೋಡಿ. ಸ್ನಾಯುಕೋಶ ಬೆಳೆದು ಪಕ್ವವಾಗುವಾಗ, ಗಾಯದ ನಂತರ ಹೊಸದಾಗಿ ಕಟ್ಟಿಕೊಳ್ಳುವಾಗ ಲಾರ್ಜ್ ಪ್ರಮಾಣ ಏರುತ್ತದೆ, ಸರಪಳಿ ಉದ್ದವಾಗುತ್ತದೆ. ಉದ್ದವಾದಷ್ಟೂ ಹೆಚ್ಚು ಲ್ಯಾಮಿನಿನ್ ಕೂರುತ್ತದೆ. ಚಿಕ್ಕ ಸರಪಳಿ ಇರುವ ಇಲಿಗಳಲ್ಲಿ ಕಾಯಿಲೆ ಕಾಣಿಸುತ್ತದೆ ಎಂದು 2013ರಲ್ಲಿ ತೋರಿಸಿದರು. ಪಿಒಎಂಕೆ ಹಾಕುವ ಫಾಸ್ಫೇಟ್ ಲಾರ್ಜ್‌ಗೆ ಕೂತು ಕೆಲಸ ಮಾಡಲು ಆಸರೆ. ಫಾಸ್ಫೇಟ್ ಇಲ್ಲದಿದ್ದರೆ ಸರಪಳಿ ಬರುತ್ತದೆ, ಆದರೆ ಗಿಡ್ಡವಾಗಿ ನಿಂತುಬಿಡುತ್ತದೆ. ಎಚ್‌ಎನ್‌ಕೆ-1 ಸಲ್ಫೋಟ್ರಾನ್ಸ್‌ಫರೇಸ್ ಎಂಬ ಇನ್ನೊಂದು ಕಿಣ್ವ ಗ್ಲುಕುರಾನಿಕ್ ಆಮ್ಲಕ್ಕೆ ಸಲ್ಫೇಟ್ ಹಾಕಿ ಬೆಳವಣಿಗೆಯನ್ನು ತಡೆಯಬಲ್ಲದು. ಅಚ್ಚಿಲ್ಲದಿದ್ದರೂ ಅಳತೆ ಇದೆ. ಕಿಣ್ವ ಎಷ್ಟಿದೆ, ಅದು ಎಷ್ಟು ಹೊತ್ತು ಅಂಟಿಕೊಂಡಿರುತ್ತದೆ, ಅಡ್ಡ ಬರುವುದು ಯಾವುದು, ಇವುಗಳಿಂದ ಅಳತೆ ಹುಟ್ಟುತ್ತದೆ.

ವೈರಾಣು_ವೀಕ್ಷಕ

ಈ ಚರ್ಚೆಗೆ ಲಸ್ಸಾ ವೈರಸ್ ಸೇರಿಸದೆ ಹೋದರೆ ಅನ್ಯಾಯ. ಪಶ್ಚಿಮ ಆಫ್ರಿಕಾದಲ್ಲಿ ರಕ್ತಸ್ರಾವದ ಜ್ವರ ತರುವ ವೈರಸ್ ಇದು. ಕೋಶದೊಳಗೆ ಹೋಗಲು ಅದು ಹಿಡಿಯುವುದು ಆಲ್ಫಾ ಡಿಸ್ಟ್ರೋಗ್ಲೈಕನ್ನನ್ನು ಎಂದು 1998ರಲ್ಲಿ ಗೊತ್ತಾಯಿತು. ಅದೂ ಹಿಡಿಯುವುದು ಲ್ಯಾಮಿನಿನ್ ಹಿಡಿಯುವ ಅದೇ ಮ್ಯಾಟ್ರಿಗ್ಲೈಕನ್.

2013ರ ಪ್ರಯೋಗವನ್ನು ಎಲ್ಲ ವಿದ್ಯಾರ್ಥಿಗಳೂ ಓದಬೇಕು ಎಂದು ನನ್ನ ಆಸೆ. ಪ್ರತಿ ಜೀನ್‌ಗೆ ಒಂದೇ ಪ್ರತಿ ಇರುವ ಮಾನವ ಕೋಶಗಳಲ್ಲಿ ಜೀನ್‌ಗಳನ್ನು ಒಂದೊಂದಾಗಿ ಕೆಡಿಸಿ, ಲಸ್ಸಾ ವೈರಸ್ಸಿನ ಹೊರ ಪ್ರೋಟೀನ್ ತೊಡಿಸಿದ ವೈರಸ್‌ಗೆ ಒಡ್ಡಿದರು. ಬದುಕಿ ಉಳಿದ ಕೋಶಗಳಲ್ಲಿ ಕೆಟ್ಟಿದ್ದ ಜೀನ್‌ಗಳು ಯಾವುವು? ಮೇಲೆ ಸಂಗಾತಿಯವರು ಪಟ್ಟಿ ಮಾಡಿದ ಕಿಣ್ವಗಳು. ಆಗಿನ್ನೂ ಕೆಲಸ ಗೊತ್ತಿರದ ಕೆಲವು ಜೀನ್‌ಗಳೂ ಸಿಕ್ಕವು, ಅವುಗಳ ಮೂಲಕ ರೋಗಿಗಳಲ್ಲಿ ಹೊಸ ದೋಷಗಳೂ ಪತ್ತೆಯಾದವು. ಸ್ನಾಯುಕ್ಷಯದ ಜೀನ್‌ಗಳ ಪಟ್ಟಿಯನ್ನು ಒಂದು ವೈರಸ್ ಮುಂದಿಟ್ಟುಕೊಂಡು ಬರೆದಂತಾಯಿತು.

ಕುಷ್ಠರೋಗದ ಬ್ಯಾಕ್ಟೀರಿಯಾವೂ ನರತಂತುಗಳಿಗೆ ಹೊದಿಕೆಯಾಗುವ ಶ್ವಾನ್ ಕೋಶ ಸೇರಲು ಲ್ಯಾಮಿನಿನ್ ಮತ್ತು ಆಲ್ಫಾ ಡಿಸ್ಟ್ರೋಗ್ಲೈಕನ್ ನಂಟನ್ನು ಬಳಸಿಕೊಳ್ಳುತ್ತದೆ. ಅದೂ 1998ರ ಶೋಧ.

ಓದುಗಿತ್ತಿ_ಮಾ

ಎಲ್ಲರಿಗೂ ಕೃತಜ್ಞತೆ. ಎಲ್ಲವೂ ಅರ್ಥವಾಯಿತು ಎನ್ನಲಾರೆ, ಆದರೆ "ಪ್ರೋಟೀನ್ ಇದೆ, ಸರಪಳಿ ಇಲ್ಲ" ಎನ್ನುವುದನ್ನು ತಂಗಿಗೆ ಹೇಳಿದೆ. ಸಿಹಿಯ ಮೇಲಿನ ನಿಷೇಧ ತೆಗೆದಿದ್ದೇವೆ. ಎರಡು ಪ್ರಶ್ನೆ ಇವೆ. ಇದೇ ಬಗೆಯ ಕಾಯಿಲೆಯಲ್ಲಿ ಮಿದುಳು, ಕಣ್ಣಿಗೂ ತೊಂದರೆ ಅಂತ ಓದಿ ತಂಗಿ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ. ಹುಡುಗ ಓದಿನಲ್ಲಿ ಚುರುಕು, ಕಣ್ಣೂ ಸರಿಯಿದೆ. ಮುಂದೆ ಬರುತ್ತದೆಯೇ? ಮತ್ತೆ, ಔಷಧ ಇದೆಯೇ?

ಗ್ಲೈಕೋ_ಸಂಗಾತಿ

ಮಾ ಅವರೇ, ಮೊದಲನೆಯದಕ್ಕೆ ತಂಗಿಗೆ ಧೈರ್ಯ ಹೇಳಬಹುದು. ಮಿದುಳಿನ ತೊಂದರೆ ಹುಟ್ಟುವುದು ಭ್ರೂಣದಲ್ಲಿ ಮಿದುಳು ರೂಪುಗೊಳ್ಳುವ ಹೊತ್ತಿನಲ್ಲಿ. ಮಿದುಳಿನ ಹೊರ ಅಂಚಿನ ತಳಪೊರೆ ಗಟ್ಟಿಯಿರಲು ಇದೇ ಸರಪಳಿ ಬೇಕು. ಇಲ್ಲದಿದ್ದರೆ ಅಲ್ಲಿ ಬಿರುಕು ಬಿಟ್ಟು ನರಕೋಶಗಳು ನಿಲ್ಲಬೇಕಾದ ಜಾಗ ದಾಟಿ ಹೋಗುತ್ತವೆ, ಮಿದುಳಿನ ಮೇಲ್ಮೈ ಉಬ್ಬುತಗ್ಗಾಗುತ್ತದೆ. ವಾಕರ್-ವಾರ್ಬರ್ಗ್ ಸಿಂಡ್ರೋಮ್, ಫಿನ್ಲೆಂಡಿನಲ್ಲಿ ಹೆಚ್ಚಾಗಿ ಕಂಡ ಸ್ನಾಯು-ಕಣ್ಣು-ಮಿದುಳು ಕಾಯಿಲೆ, ಜಪಾನಿನ ಫುಕುಯಾಮಾ ಸ್ನಾಯುಕ್ಷಯ ಇವೆಲ್ಲ ಈ ಗುಂಪಿನ ತೀವ್ರ ರೂಪಗಳು, ಹುಟ್ಟಿನಿಂದಲೇ ಅಥವಾ ಶೈಶವದಲ್ಲೇ ಗೊತ್ತಾಗುತ್ತವೆ. ಸಹಜವಾಗಿ ರೂಪುಗೊಂಡ ಮಿದುಳಿನ ರಚನೆ ಆಮೇಲೆ ಹಾಗೆ ಬದಲಾಗುವುದಿಲ್ಲ. ನಡೆಯಲು ಕಲಿತ ಮೇಲೆ ಸೊಂಟ, ತೊಡೆಯ ದೌರ್ಬಲ್ಯವಾಗಿ ಶುರುವಾಗುವುದು ಎಫ್‌ಕೆಆರ್‌ಪಿಯ ಸೌಮ್ಯ ರೂಪ. ಅಲ್ಲಿ ಕಿಣ್ವ ಪೂರ್ತಿ ಸತ್ತಿರುವುದಿಲ್ಲ, ಸ್ವಲ್ಪ ಸ್ವಲ್ಪ ಕೆಲಸ ಮಾಡುತ್ತಿರುತ್ತದೆ. ಒಂದೇ ಜೀನ್ ಒಬ್ಬರಲ್ಲಿ ಶೈಶವದ ತೀವ್ರ ಕಾಯಿಲೆ, ಇನ್ನೊಬ್ಬರಲ್ಲಿ ವಯಸ್ಕರಾದ ಮೇಲಿನ ದೌರ್ಬಲ್ಯ ತರುವುದಕ್ಕೆ ಮುಖ್ಯ ಕಾರಣ ಉಳಿದಿರುವ ಈ ಕೆಲಸದ ಪ್ರಮಾಣ.

ಔಷಧದ ಬಗ್ಗೆ ಗಾಲ್ಜಿ_ಗೆಳೆಯರು ಹೇಳಲಿ, ಅವರಿಗೆ ರಿಬಿಟಾಲ್ ಕಥೆ ಚೆನ್ನಾಗಿ ಗೊತ್ತು.

ಗಾಲ್ಜಿ_ಗೆಳೆಯ

ಫುಕುಟಿನ್ ಜೀನ್ ಸಿಕ್ಕಿದ್ದು 1998ರಲ್ಲಿ, ಎಫ್‌ಕೆಆರ್‌ಪಿ 2001ರಲ್ಲಿ. ಆದರೆ ಇವು ಏನು ಮಾಡುತ್ತವೆ ಎಂಬುದು 2016ರವರೆಗೆ ತಿಳಿಯಲಿಲ್ಲ. ಕಾರಣ, ಎಲ್ಲರೂ ಸಾಮಾನ್ಯ ಸಕ್ಕರೆಗಳನ್ನು ಹುಡುಕುತ್ತಿದ್ದರು. ರಿಬಿಟಾಲ್ ಫಾಸ್ಫೇಟ್ ಸರಪಳಿ ಎಂದರೆ ಬ್ಯಾಕ್ಟೀರಿಯಾಗಳ ಕೋಶಭಿತ್ತಿಯ ಟೈಕೋಯಿಕ್ ಆಮ್ಲ ನೆನಪಾಗುತ್ತದೆ, ಸಸ್ತನಿಗಳ ಪ್ರೋಟೀನ್ ಮೇಲೆ ಅದು ಇರಬಹುದು ಎಂದು ಯಾರೂ ನಿರೀಕ್ಷಿಸಿರಲಿಲ್ಲ. ಐಎಸ್‌ಪಿಡಿ ಎಂಬ ಇನ್ನೊಂದು ಕಾಯಿಲೆ ಜೀನ್ ಸಿಡಿಪಿ-ರಿಬಿಟಾಲ್ ತಯಾರಿಸುತ್ತದೆ, ಫುಕುಟಿನ್ ಮತ್ತು ಎಫ್‌ಕೆಆರ್‌ಪಿ ಅದನ್ನೇ ಕಚ್ಚಾವಸ್ತುವಾಗಿ ಬಳಸುತ್ತವೆ ಎಂದಾಗ ಮೂರೂ ಜೀನ್‌ಗಳ ಒಗಟು ಒಟ್ಟಿಗೇ ಬಿಡಿಸಿಕೊಂಡಿತು.

ಚಿಕಿತ್ಸೆಯ ಆಲೋಚನೆ ಹುಟ್ಟಿದ್ದು ಅಲ್ಲಿಂದಲೇ. ಅರೆಬರೆ ಕೆಲಸ ಮಾಡುವ ಕಿಣ್ವಕ್ಕೆ ಕಚ್ಚಾವಸ್ತು ಹೆಚ್ಚು ಕೊಟ್ಟರೆ ಅದು ಇನ್ನಷ್ಟು ಕೆಲಸ ಮಾಡಬಹುದಲ್ಲ? 2018ರಲ್ಲಿ ಎಫ್‌ಕೆಆರ್‌ಪಿ ದೋಷವಿರುವ ಇಲಿಗಳಿಗೆ ಬಾಯಿಯ ಮೂಲಕ ರಿಬಿಟಾಲ್ ಕೊಟ್ಟಾಗ ಮ್ಯಾಟ್ರಿಗ್ಲೈಕನ್ ಹೆಚ್ಚಿತು, ಸ್ನಾಯುವೂ ಸುಧಾರಿಸಿತು. ನಂತರ ಮನುಷ್ಯರಲ್ಲಿ ಮೂರನೆಯ ಹಂತದ ಪರೀಕ್ಷೆಗೂ ಹೋಗಿದೆ. ಕಿಣ್ವ ಸ್ವಲ್ಪವಾದರೂ ಜೀವಂತವಿದ್ದರೆ ಮಾತ್ರ ಈ ದಾರಿಗೆ ಅರ್ಥ. ದಯವಿಟ್ಟು ರಿಬಿಟಾಲ್ ಪುಡಿ ಎಲ್ಲಿ ಸಿಗುತ್ತದೆ ಎಂದು ಹುಡುಕಿ ಮಗುವಿಗೆ ಕೊಡಲು ಹೋಗಬೇಡಿ. ಪರೀಕ್ಷೆಯಲ್ಲಿ ಕೊಡುವುದು ಶುದ್ಧತೆ, ಪ್ರಮಾಣ, ನಿಗಾ ಎಲ್ಲ ನೋಡಿಕೊಂಡು. ಸ್ನಾಯುರೋಗ ತಜ್ಞರನ್ನು ಕೇಳಿ.

ಸಂದೇಹಿ_88

ಇನ್ನೊಂದು. ಲಾರ್ಜ್ ತಾನೇ ಕೊನೆಗೆ ಕಟ್ಟುವುದು? ಹಾಗಿದ್ದರೆ ಲಾರ್ಜನ್ನೇ ಹೆಚ್ಚಿಗೆ ಕೊಟ್ಟರೆ ಎಲ್ಲ ಜೀನ್‌ಗಳ ಕಾಯಿಲೆಗೂ ಒಂದೇ ಮದ್ದಾಗಬೇಕಲ್ಲ.

ಗ್ಲೈಕೋ_ಸಂಗಾತಿ

2004ರಲ್ಲಿ ಸರಿಯಾಗಿ ಇದೇ ಆಸೆ ಹುಟ್ಟಿತ್ತು. ಬೇರೆ ಬೇರೆ ಜೀನ್ ದೋಷವಿದ್ದ ರೋಗಿಗಳ ಕೋಶಗಳಿಗೆ ಲಾರ್ಜ್ ಹೆಚ್ಚಿಗೆ ಕೊಟ್ಟಾಗ ಲ್ಯಾಮಿನಿನ್ ಹಿಡಿತ ಮರಳಿತು. ಎಲ್ಲರೂ ಸಂಭ್ರಮಿಸಿದರು. ಆದರೆ ಒಂದು ದಶಕದ ನಂತರ, ಅಡಿಪಾಯದ ಜೀನ್ ಕೆಟ್ಟ ಇಲಿಗಳಲ್ಲಿ ಲಾರ್ಜ್ ಹೆಚ್ಚಿಸಿದಾಗ ಸ್ನಾಯುವಿನ ಸ್ಥಿತಿ ಇನ್ನಷ್ಟು ಹದಗೆಟ್ಟ ವರದಿ ಬಂತು. ಕೊನೆಯ ಕಿಣ್ವ ಎಷ್ಟೇ ಇದ್ದರೂ ಅದು ಕಟ್ಟಲು ಬಿ4ಜಿಎಟಿ1 ಇಟ್ಟ ಗ್ಲುಕುರಾನಿಕ್ ಆಮ್ಲ ಬೇಕು, ಅದಕ್ಕೆ ರಿಬಿಟಾಲ್ ಬೇಕು. ಎಫ್‌ಕೆಆರ್‌ಪಿ ಕೆಟ್ಟಲ್ಲಿ ಎಫ್‌ಕೆಆರ್‌ಪಿಯನ್ನೇ ಸರಿಪಡಿಸಬೇಕು. ಅದಕ್ಕೇ ಇಂದು ಜೀನ್ ಚಿಕಿತ್ಸೆಯ ಪ್ರಯತ್ನಗಳು ಆಯಾ ಜೀನನ್ನೇ ಕೊಡುವ ಕಡೆ ಸಾಗಿವೆ. ಇದು ನಿಧಾನದ ದಾರಿ, ಆದರೆ ಯಾಂತ್ರಿಕತೆ ತಿಳಿದ ಮೇಲೆ ಬೇರೆ ಅಡ್ಡದಾರಿ ನನಗೆ ಕಾಣುತ್ತಿಲ್ಲ.

ಸ್ನಾಯು_ಆರೈಕೆ

ನಾನು ಫಿಸಿಯೋಥೆರಪಿ ಮಾಡುವವಳು. ಮಾ ಅವರೇ, ಮೇಲಿನ ವಿಜ್ಞಾನದ ಜೊತೆ ಇದನ್ನೂ ಬರೆದಿಟ್ಟುಕೊಳ್ಳಿ. ಎಫ್‌ಕೆಆರ್‌ಪಿ ಇರುವವರಲ್ಲಿ ಹೃದಯದ ಸ್ನಾಯು ಮತ್ತು ವಪೆ (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು) ದುರ್ಬಲವಾಗಬಹುದು, ಅದೂ ಇನ್ನೂ ಚೆನ್ನಾಗಿ ನಡೆಯುತ್ತಿರುವಾಗಲೇ. ಆದ್ದರಿಂದ ಕಾಲಿನ ಬಲ ಮಾತ್ರ ನೋಡಿ ಸಮಾಧಾನಪಡಬೇಡಿ. ಹೃದಯದ ಎಕೋ ನಿಯತವಾಗಿ ಮಾಡಿಸಿ. ಉಸಿರಾಟದ ಅಳತೆಯನ್ನು ಕೂತಾಗ ಮಾತ್ರವಲ್ಲ, ಮಲಗಿದಾಗಲೂ ತೆಗೆಯಲು ಕೇಳಿ. ವಪೆಯ ದೌರ್ಬಲ್ಯ ಮಲಗಿದಾಗಲೇ ಸ್ಪಷ್ಟವಾಗಿ ಗೊತ್ತಾಗುವುದು. ಬೆಳಿಗ್ಗೆ ತಲೆನೋವು, ಹಗಲು ತೂಕಡಿಕೆ ಕಂಡರೆ ತಡಮಾಡದೆ ತಿಳಿಸಿ. ತಂಗಿಗೆ ಇನ್ನೊಂದು ಮಗು ಬೇಕೆಂದಿದ್ದರೆ ಮೊದಲೇ ಜೆನೆಟಿಕ್ ಕೌನ್ಸೆಲರ್ ಅವರನ್ನು ಕಾಣಲಿ. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ ಇರುತ್ತದೆ.

ಓದುಗಿತ್ತಿ_ಮಾ

ಮಲಗಿಸಿ ಉಸಿರಾಟ ನೋಡುವುದನ್ನು ಇದುವರೆಗೆ ಯಾರೂ ಹೇಳಿರಲಿಲ್ಲ ಮೇಡಂ. ಮುಂದಿನ ಭೇಟಿಯಲ್ಲಿ ಮೊದಲು ಅದನ್ನೇ ಕೇಳುತ್ತೇವೆ.